200 ಮೆಗಾಬಿಟ್‌ನ ಪ್ಲಾನಿನಲ್ಲಿ 11 ಮೆಗಾಬೈಟ್ ಬಂದರೆ ಅದು ಮೋಸವೇ?

ಪ್ರಶ್ನೆ: ನಾನು ಸಾಗರದಲ್ಲಿ ಮದುವೆ, ಗೃಹಪ್ರವೇಶಗಳ ಫೋಟೊ ಮತ್ತು ವಿಡಿಯೊ ಮಾಡುವ ಸ್ಟುಡಿಯೊ ನಡೆಸುತ್ತೇನೆ. ಎಡಿಟಿಂಗ್ ಮಾಡುವವರು ಬೆಂಗಳೂರಿನಲ್ಲಿದ್ದಾರೆ. ಒಂದು ಮದುವೆಗೆ ಸುಮಾರು 180 ಜಿಬಿಯಷ್ಟು ಫೈಲುಗಳಾಗುತ್ತವೆ. ಅವನ್ನು ಕಳುಹಿಸಲೆಂದೇ 200 ಎಂಬಿಪಿಎಸ್‌ನ ಫೈಬರ್ ಸಂಪರ್ಕ ಹಾಕಿಸಿದೆ. ಆದರೆ ಡೌನ್‌ಲೋಡ್ ಮಾಡುವಾಗ ಕಂಪ್ಯೂಟರ್ 11.2 ಎಂಬಿಗಿಂತ ಮೇಲೆ ತೋರಿಸುವುದೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ಯಾವ ಹೊತ್ತಿನಲ್ಲೂ 94. ಕೇಬಲ್‌ನವರನ್ನು ಕೇಳಿದರೆ ‘ಎಂಟರಿಂದ ಭಾಗಿಸಬೇಕು ಸರ್, ಅಷ್ಟೇ ಬರುವುದು’ ಎನ್ನುತ್ತಾರೆ. ಕಂಪ್ಯೂಟರ್ ಬಲ್ಲ ಸ್ನೇಹಿತರೊಬ್ಬರು ‘ಎಂಟಲ್ಲ, ಅದು 1024ರ ಆಟ, ಹಾರ್ಡ್ ಡಿಸ್ಕ್‌ನವರೂ 1 ಟಿಬಿ ಎಂದು ಮಾರಿ 931 ಕೊಡುತ್ತಾರೆ’ ಎನ್ನುತ್ತಾರೆ. ಯಾರ ಮಾತು ಸರಿ? 300ರ ಪ್ಲಾನಿಗೆ ಹೋದರೆ ಸರಿಹೋಗುತ್ತದೆಯೇ? ಇನ್ನೊಂದು ಪ್ರಶ್ನೆ: ಕೊಳ್ಳಬೇಕೆಂದಿರುವ ಹೊಸ ಕ್ಯಾಮೆರಾ 200 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡುತ್ತದಂತೆ. ನನ್ನ ಬಳಿ ಇರುವ ಮೆಮೊರಿ ಕಾರ್ಡಿನ ಮೇಲೆ 170 ಎಂದಿದೆ. ಕಾರ್ಡುಗಳನ್ನೂ ಬದಲಿಸಬೇಕೆ?

ಉತ್ತರ:

ಕೇಬಲ್‌ನವರು ಹೇಳಿದ ಸೂತ್ರ ಸರಿ. ಆದರೆ ಅದನ್ನು ಅವರು ನಿಮ್ಮ ಸಂಪರ್ಕಕ್ಕೆ ಹಚ್ಚಿ ನೋಡಲಿಲ್ಲ. 200ನ್ನು ಎಂಟರಿಂದ ಭಾಗಿಸಿದರೆ 25 ಬರುತ್ತದೆ, 11.2 ಅಲ್ಲ. ನಿಮ್ಮ ಸ್ನೇಹಿತರ 1024ನ್ನು ಲೆಕ್ಕಕ್ಕೆ ಸೇರಿಸಿಕೊಂಡರೂ 25 ಎಂಬುದು 23.8ಕ್ಕೆ ಇಳಿಯುತ್ತದೆ, ಅಷ್ಟೇ. ಅಂದರೆ ನಿಮಗೆ ಬರಬೇಕಾದ ವೇಗದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲಿ ಎಲ್ಲೋ ನಿಂತುಹೋಗಿದೆ. 200 ಎಲ್ಲಿ, 11 ಎಲ್ಲಿ ಎಂದು ಗಾಬರಿಯಾಗಬೇಡಿ. ಆ ಅಂತರದ ಬಹುಭಾಗ ಬರೀ ಮಾನದ ವ್ಯತ್ಯಾಸ. ಆದರೆ 24ಕ್ಕೂ 11ಕ್ಕೂ ನಡುವಿನ ಅಂತರವನ್ನು ಬಿಟ್ಟುಕೊಡಬೇಡಿ. ಅದು ಮೋಸವಲ್ಲದಿರಬಹುದು, ದೋಷವಂತೂ ಹೌದು. ಆ ದೋಷ ಎಲ್ಲಿದೆ ಎಂಬುದನ್ನು ನೀವು ಬರೆದಿರುವ 94 ಎಂಬ ಅಂಕಿಯೇ ಬಹುಮಟ್ಟಿಗೆ ಹೇಳುತ್ತಿದೆ. ಅಲ್ಲಿಗೆ ಬರುವ ಮೊದಲು ಎಂಟನ್ನೂ 1024ನ್ನೂ ಬೇರ್ಪಡಿಸಿಕೊಳ್ಳೋಣ. ಇವೆರಡೂ ಕಲಸಿಹೋಗಿರುವುದರಿಂದಲೇ ನಿಮಗೆ ಇಬ್ಬರು ಎರಡು ಉತ್ತರ ಕೊಟ್ಟಿದ್ದಾರೆ.

ಎಂಟು ಎಲ್ಲಿಂದ ಬಂತು

ಇಂಟರ್‌ನೆಟ್ ಪ್ಲಾನಿನ ವೇಗ ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಎಂಬ ಲೆಕ್ಕದಲ್ಲಿರುತ್ತದೆ. ಫೈಲಿನ ಗಾತ್ರ ಮತ್ತು ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವ ವೇಗ ಮೆಗಾಬೈಟ್‌ಗಳಲ್ಲಿರುತ್ತವೆ. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಸಂಕೇತ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷ್‌ನಲ್ಲಿ ಬರೆಯುವಾಗ ಬಿಟ್‌ಗೆ ಚಿಕ್ಕ ಬಿ, ಬೈಟ್‌ಗೆ ದೊಡ್ಡ ಬಿ ಎಂಬ ರೂಢಿಯಿದೆ. ಬಾಯಲ್ಲಿ ಎರಡೂ ‘ಎಂಬಿ’ಯೇ. ಜಾಹೀರಾತು ಬರೆಯುವವರು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದುಬಿಟ್ಟರೆ ಇದ್ದ ಒಂದು ಗುರುತೂ ಅಳಿಸಿಹೋಗುತ್ತದೆ. ಆದ್ದರಿಂದ ಈ ಉತ್ತರದ ಉದ್ದಕ್ಕೂ ಪೂರ್ತಿ ಹೆಸರನ್ನೇ ಬಳಸುತ್ತೇನೆ. ನೀವೂ ಕೇಬಲ್‌ನವರ ಜೊತೆ ಮಾತನಾಡುವಾಗ ಹಾಗೆಯೇ ಮಾಡಿ, ಅರ್ಧ ಜಗಳ ಕಡಿಮೆಯಾಗುತ್ತದೆ.

ದೊಡ್ಡ ಅಂಕಿ ತೋರಿಸಿ ಗಿರಾಕಿಗಳನ್ನು ಮರುಳು ಮಾಡಲೆಂದೇ ಕಂಪನಿಗಳು ಬಿಟ್ ಲೆಕ್ಕ ಹಿಡಿದಿವೆ ಎಂಬ ಮಾತನ್ನು ಈ ಕೆಲಸದಲ್ಲಿ ಆಗಾಗ ಕೇಳುತ್ತೇನೆ. ದೊಡ್ಡ ಅಂಕಿಯಿಂದ ಅವರಿಗೆ ಅನುಕೂಲವಾಗಿದೆ ಎಂಬುದೇನೋ ನಿಜ, ಆದರೆ ಲೆಕ್ಕ ಅವರು ಹುಟ್ಟಿಸಿದ್ದಲ್ಲ. ತಂತಿಯ ಮೇಲೆ ಸಂಕೇತಗಳು ಒಂದರ ಹಿಂದೆ ಒಂದು ಹೋಗುತ್ತವೆ. ಸೆಕೆಂಡಿಗೆ ಎಷ್ಟು ಹೋದವು ಎಂದು ಎಣಿಸುವುದು ತಂತಿಯ ಕಡೆಯವರಿಗೆ ಸಹಜ. ಎಷ್ಟು ಸಂಕೇತ ಸೇರಿ ಒಂದು ಅಕ್ಷರವಾಗಬೇಕು ಎಂಬುದು ತುದಿಯಲ್ಲಿರುವ ಯಂತ್ರಕ್ಕೆ ಬಿಟ್ಟ ವಿಷಯವಾಗಿತ್ತು. ಹಳೆಯ ಟೆಲಿಪ್ರಿಂಟರಿನಲ್ಲಿ ಒಂದು ಅಕ್ಷರಕ್ಕೆ 5 ಬಿಟ್ ಸಾಕಿತ್ತು, ಆಸ್ಕಿ ಸಂಕೇತದಲ್ಲಿ 7 ಬೇಕಾಯಿತು. ಬೈಟ್ ಎಂಬ ಹೆಸರನ್ನು ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ 1956ರಲ್ಲಿ ಕೊಟ್ಟಾಗಲೂ ಅದರ ಗಾತ್ರ ಎಂಟೇ ಎಂದು ನಿಗದಿಯಾಗಿರಲಿಲ್ಲ. 1964ರಲ್ಲಿ ಐಬಿಎಂನ ಸಿಸ್ಟಂ 360 ಯಂತ್ರಗಳು ಬಂದ ಮೇಲೆ ಎಂಟು ಬಿಟ್‌ನ ಬೈಟ್ ಗಟ್ಟಿಯಾಗಿ ನೆಲೆಯೂರಿತು. ಹೀಗೆ ತಂತಿಯವರು ಬಿಟ್ ಎಣಿಸುತ್ತ ಉಳಿದರು, ಡಿಸ್ಕಿನವರು ಬೈಟ್ ಎಣಿಸುತ್ತ ಉಳಿದರು. ನಿಮ್ಮ ಸ್ಟುಡಿಯೊದ ಮೇಜಿನ ಮೇಲೆ ಆ ಎರಡು ರೂಢಿಗಳು ಮುಖಾಮುಖಿಯಾಗಿವೆ.

ಎಂಟರ ಬದಲು ಹತ್ತರಿಂದ ಭಾಗಿಸಬೇಕಾದ ಜಾಗಗಳೂ ಇವೆ. ಸ್ಟುಡಿಯೊದಲ್ಲಿ ಇದು ನಿಮಗೆ ಎದುರಾಗುವುದರಿಂದ ಹೇಳುತ್ತೇನೆ. ಯುಎಸ್‌ಬಿ 3.0 ಎಂದರೆ ಸೆಕೆಂಡಿಗೆ 5 ಗಿಗಾಬಿಟ್. ಎಂಟರಿಂದ ಭಾಗಿಸಿದರೆ 625 ಮೆಗಾಬೈಟ್ ಆಗಬೇಕು, ಆದರೆ 500ಕ್ಕಿಂತ ಮೇಲೆ ಅದು ಎಂದಿಗೂ ಹೋಗದು. ಅಲ್ಲಿ ಪ್ರತಿ ಎಂಟು ಬಿಟ್ ಮಾಹಿತಿಯನ್ನು ಹತ್ತು ಬಿಟ್ ಮಾಡಿ ಕಳುಹಿಸುತ್ತಾರೆ. ಸಂಕೇತದ ತಾಳ ತಪ್ಪದಿರಲು ಹೆಚ್ಚುವರಿ ಎರಡು ಬೇಕು. ಕಂಪ್ಯೂಟರ್ ಒಳಗಿನ ಸಾಟಾ ಡಿಸ್ಕುಗಳದ್ದೂ ಇದೇ ಕಥೆ, 6 ಗಿಗಾಬಿಟ್ ಎಂದು ಬರೆದಿದ್ದರೆ 600 ಮೆಗಾಬೈಟ್. ಹಳೆಯ ಯುಎಸ್‌ಬಿ 2.0 ಇನ್ನೂ ನಿರಾಶೆ ಮಾಡುತ್ತದೆ. 480 ಮೆಗಾಬಿಟ್ ಎಂದರೆ ಲೆಕ್ಕದಲ್ಲಿ 60 ಮೆಗಾಬೈಟ್, ಕೈಗೆ ಬರುವುದು 30ರಿಂದ 40. ಕಾರ್ಡ್ ರೀಡರನ್ನು ತಪ್ಪು ಕಿಂಡಿಗೆ ಚುಚ್ಚಿಕೊಂಡು ಕಾರ್ಡ್ ಕಂಪನಿಯನ್ನು ಬೈಯುವವರು ಬಹಳ ಮಂದಿ.

ಸ್ನೇಹಿತರ 1024

ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದರ ಜಾಗ ಬೇರೆ. ಸಂಪರ್ಕದ ವೇಗದಲ್ಲಿ ಕಿಲೊ ಎಂದರೆ 1000, ಮೆಗಾ ಎಂದರೆ 10 ಲಕ್ಷ. ಅಲ್ಲಿ 1024 ಬರುವುದೇ ಇಲ್ಲ. 200 ಮೆಗಾಬಿಟ್ ಎಂದರೆ ಸೆಕೆಂಡಿಗೆ ಸರಿಯಾಗಿ 20 ಕೋಟಿ ಬಿಟ್. ಇದಕ್ಕೆ ಎದುರಾಗಿ ಕೆಲವರು ದೂರವಾಣಿ ಇಲಾಖೆಯ ಹಳೆಯ 2 ಮೆಗಾಬಿಟ್ ಲೀಸ್ಡ್ ಲೈನನ್ನು, ಅಂದರೆ ಒಬ್ಬ ಗ್ರಾಹಕರಿಗೇ ಬಾಡಿಗೆಗೆ ಕೊಡುವ ಲೈನನ್ನು, ಸಾಕ್ಷಿಗೆ ತರುತ್ತಾರೆ; ಅದರ ನಿಜವಾದ ವೇಗ 2048 ಕಿಲೊಬಿಟ್, ನೋಡಿದರೆ 1024ರ ಎರಡು ಪಟ್ಟು. ಅದು ಕಾಕತಾಳೀಯ. ಒಂದು ದೂರವಾಣಿ ಕರೆಯ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಟ್ಟರೆ 64,000 ಬಿಟ್ ಆಗುತ್ತದೆ. ಅಂಥ 32 ಕಾಲುವೆಗಳನ್ನು ಒಂದು ಲೈನಿನಲ್ಲಿ ಸೇರಿಸಿದ್ದರಿಂದ 2048 ಬಂತು.

1024 ಬರುವುದು ಕಂಪ್ಯೂಟರಿನ ಪರದೆಯಲ್ಲಿ. ಮೆಮೊರಿ ಚಿಪ್‌ಗಳನ್ನು ಎರಡರ ಘಾತಗಳಲ್ಲಿ ಕಟ್ಟುವುದರಿಂದ ಎರಡರ ಹತ್ತನೆಯ ಘಾತವಾದ 1024ನ್ನು ಕಿಲೊ ಎಂದು ಕರೆಯುವ ಅಭ್ಯಾಸ ಬೆಳೆಯಿತು. ಗೊಂದಲ ಹೆಚ್ಚಾದಾಗ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ವಿಂಡೋಸ್ ಇವತ್ತಿಗೂ ಗಿಬಿಬೈಟ್‌ನಲ್ಲಿ ಎಣಿಸಿ ಗಿಗಾಬೈಟ್ ಎಂದು ಹೆಸರು ಹಾಕುತ್ತದೆ. ಆಪಲ್‌ನವರು ಮ್ಯಾಕ್‌ನಲ್ಲಿ 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ 1000ದ ಲೆಕ್ಕಕ್ಕೆ ಬಂದರು. ಹಾಗಾಗಿ ನಿಮ್ಮ ಅದೇ ಡಿಸ್ಕನ್ನು ಬೆಂಗಳೂರಿನ ಎಡಿಟರ್ ಮ್ಯಾಕ್‌ಗೆ ಹಾಕಿದರೆ 931ರ ಬದಲು 1 ಟಿಬಿ ಎಂದೇ ಕಾಣುತ್ತದೆ. ಒಳಗಿನ ಬೈಟ್‌ಗಳು ಒಂದು ಲಕ್ಷ ಕೋಟಿ, ಎರಡು ಕಡೆಯೂ ಅಷ್ಟೇ. ಈ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಹೂಡಿದ ದಾವೆಯನ್ನು ವೆಸ್ಟರ್ನ್ ಡಿಜಿಟಲ್ ಕಂಪನಿ 2006ರಲ್ಲಿ ರಾಜಿ ಮಾಡಿಕೊಂಡಿತು. ನನ್ನನ್ನು ಕೇಳಿದರೆ ಇಲ್ಲಿ ಡಿಸ್ಕಿನವರಿಗಿಂತ ತಪ್ಪು ಹೆಸರು ಹಾಕಿ ತೋರಿಸುವ ಪರದೆಯದೇ ತಪ್ಪು ಹೆಚ್ಚು. ಹಳೆಯ 1.44 ಎಂಬಿ ಫ್ಲಾಪಿಯಂತೂ ಎರಡನ್ನೂ ಕೆಡಿಸಿತ್ತು. ಅದರ ಮೆಗಾಬೈಟ್ 1000ವನ್ನು 1024ರಿಂದ ಗುಣಿಸಿದ್ದು, ಬೇರೆಲ್ಲೂ ಬಳಕೆಯಲ್ಲಿಲ್ಲದ ಮಾನ.

ಈ ವ್ಯತ್ಯಾಸ ಕಿಲೊ ಮಟ್ಟದಲ್ಲಿ ಶೇ 2.4, ಮೆಗಾದಲ್ಲಿ ಸುಮಾರು ಶೇ 5, ಗಿಗಾದಲ್ಲಿ ಶೇ 7ಕ್ಕಿಂತ ಸ್ವಲ್ಪ ಹೆಚ್ಚು, ಟೆರಾದಲ್ಲಿ ಶೇ 10. ಎಂಟು ಪಟ್ಟಿನ ವ್ಯತ್ಯಾಸದ ಮುಂದೆ ಇದು ಚಿಲ್ಲರೆ. ವೇಗ ಅರ್ಧವಾಗಿದೆ ಎಂಬ ದೂರಿಗೆ 1024 ಎಂದೂ ಕಾರಣವಾಗಲಾರದು.

94 ಏನು ಹೇಳುತ್ತದೆ

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ‘ಯಾವ ಹೊತ್ತಿನಲ್ಲೂ 94’ ಎಂಬ ಮಾತು. ಫೈಬರ್ ದಟ್ಟಣೆಯಿಂದ ವೇಗ ಕಡಿಮೆಯಾದರೆ ಅದು ಹೊತ್ತಿಗೊಂದು ಥರ ಇರುತ್ತದೆ. ಮನೆಗಳಿಗೆ ಬರುವ ಸಾಮಾನ್ಯ ಜಿಪಾನ್ ಮಾದರಿಯ ಫೈಬರಿನಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳವರೆಗೂ ಹಂಚುತ್ತಾರೆ. ರಾತ್ರಿ ಎಲ್ಲರೂ ಸಿನಿಮಾ, ಕ್ರಿಕೆಟ್ ನೋಡುವಾಗ ಇಳಿಯುತ್ತದೆ, ಬೆಳಗಿನ ಜಾವ ಏರುತ್ತದೆ. ಗೋಡೆಗೆ ಹೊಡೆದ ಗುರುತಿನಂತೆ 94ಕ್ಕೇ ನಿಲ್ಲುವುದು ಬೇರೆ ಲಕ್ಷಣ. ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್‌ನ ಒಂದು ಬಾಗಿಲಿದೆ.

100ರ ಬಾಗಿಲಿನಲ್ಲಿ 94 ಏಕೆ ಎಂದರೆ, ಫೈಲು ಒಂದೇ ಧಾರೆಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್‌ಗೂ ವಿಳಾಸ, ಕ್ರಮಸಂಖ್ಯೆ, ತಪ್ಪು ಪತ್ತೆಹಚ್ಚುವ ಅಂಕಿ, ಮುಂದಿನದಕ್ಕೆ ಮುನ್ನ ಸ್ವಲ್ಪ ಬಿಡುವು, ಎಲ್ಲವೂ ಬೇಕು. ಈಥರ್‌ನೆಟ್ ತಂತಿಯ ಮೇಲೆ ಒಂದು ಪೂರ್ಣ ಪ್ಯಾಕೆಟ್ ಒಟ್ಟು 1538 ಬೈಟ್‌ನಷ್ಟು ಜಾಗ ಹಿಡಿದರೆ ಅದರಲ್ಲಿ ನಿಮ್ಮ ಫೈಲಿನ ಪಾಲು 1448ರಿಂದ 1460. ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆದು ಲೆಕ್ಕ ಹಾಕುವಂತೆ ಇಲ್ಲಿಯೂ ನೂರರಲ್ಲಿ ಆರರಷ್ಟು ಚೀಲಕ್ಕೆ ಹೋಗುತ್ತದೆ. ಉಳಿದದ್ದು 94.

ಈಗ ನಿಮ್ಮ ಇನ್ನೊಂದು ಅಂಕಿಯನ್ನು ನೋಡಿ. 94ಕ್ಕಿಂತ ತುಸು ಹೆಚ್ಚಿನ ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ 11.77 ಮೆಗಾಬೈಟ್. ಅದನ್ನು 1024ರ ಲೆಕ್ಕಕ್ಕೆ ಇಳಿಸಿದರೆ 11.22. ನಿಮ್ಮ ಕಂಪ್ಯೂಟರ್ ತೋರಿಸಿದ್ದು 11.2! ಎಂಟು, ಚೀಲದ ಆರು, 1024 ಮೂರೂ ತಮ್ಮ ತಮ್ಮ ಜಾಗದಲ್ಲಿ ಕೆಲಸ ಮಾಡಿ ಸರಿಯಾಗಿ ಅಲ್ಲಿಗೇ ಬಂದಿವೆ. ಎರಡೂ ಅಂಕಿಗಳು ಒಂದನ್ನೊಂದು ಸಮರ್ಥಿಸುತ್ತಿರುವುದರಿಂದ ನಿಮ್ಮ ಅಳತೆ ತಪ್ಪಿಲ್ಲ, ಸ್ಪೀಡ್ ಟೆಸ್ಟ್ ಸುಳ್ಳು ಹೇಳುತ್ತಿಲ್ಲ. ಲೆಕ್ಕವೆಲ್ಲ ಮುಗಿದ ಮೇಲೂ ಉಳಿಯುವುದು ಒಂದೇ ಪ್ರಶ್ನೆ: 200ರ ದಾರಿಯಲ್ಲಿ 100ರ ಬಾಗಿಲು ಹೇಗೆ ಬಂತು?

ನನ್ನ ಅನುಭವದಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು ಕೇಬಲ್. ಗೋಡೆಯ ಮೇಲಿರುವ ಫೈಬರ್ ಪೆಟ್ಟಿಗೆಯಿಂದ ರೂಟರಿಗೆ, ರೂಟರಿನಿಂದ ಕಂಪ್ಯೂಟರಿಗೆ ಬರುವ ನೆಟ್‌ವರ್ಕ್ ಕೇಬಲ್ಲಿನಲ್ಲಿ ಎಂಟು ತಂತಿಗಳು, ನಾಲ್ಕು ಜೋಡಿಗಳಾಗಿ ಇರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಅವಸರದಲ್ಲಿ ಕ್ರಿಂಪ್ ಮಾಡುವವರು, ಅಂದರೆ ತಂತಿಗಳ ತುದಿಗೆ ಪ್ಲಗ್ ಒತ್ತಿ ಕೂಡಿಸುವವರು, ನೀಲಿ ಮತ್ತು ಕಂದು ಜೋಡಿಗಳನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಕೆಲವೊಮ್ಮೆ ಇಲಿ ಅದೇ ಕೆಲಸ ಮಾಡಿರುತ್ತದೆ. ಜೋಡಿ ಸಿಗದಿದ್ದರೆ ಬಹುಪಾಲು ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಇಂಟರ್‌ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದು ರೂಟರಿನ ಪೋರ್ಟ್. ಪೆಟ್ಟಿಗೆಯ ಮೇಲೆ 1200 ಎಂದು ದೊಡ್ಡದಾಗಿ ಬರೆದಿರುವ ಅಗ್ಗದ ರೂಟರುಗಳಲ್ಲಿ ಎಷ್ಟೋ ಮಾದರಿಗಳ ಹಿಂಬದಿಯ ಪೋರ್ಟ್‌ಗಳು 100 ಮೆಗಾಬಿಟ್‌ನವೇ. ಆ 1200 ವೈಫೈನ ಎರಡು ತರಂಗಗಳ ಗರಿಷ್ಠ ವೇಗವನ್ನು, 300 ಮತ್ತು 867ನ್ನು, ಕೂಡಿಸಿ ಮೇಲಕ್ಕೆ ದುಂಡಾಗಿಸಿದ ಅಂಕಿ. ಒಂದು ಕಂಪ್ಯೂಟರಿಗೆ ಆ ವೇಗ ಎಂದೂ ಸಿಗದು.

ಪರೀಕ್ಷೆ ಸುಲಭ. ಕಂಪ್ಯೂಟರಿಗೆ ಕೇಬಲ್ ಹಾಕಿ, ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಈಥರ್‌ನೆಟ್ ಪುಟ ತೆರೆದು ಲಿಂಕ್ ಸ್ಪೀಡ್ ನೋಡಿ. 100/100 ಎಂದಿದ್ದರೆ ಕಂಪ್ಯೂಟರಿಗೂ ರೂಟರಿಗೂ ನಡುವೆಯೇ ದೋಷವಿದೆ. 1000/1000 ಎಂದಿದ್ದರೆ ಹಿಂದಿನ ತುಂಡು, ಅಂದರೆ ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಕೇಬಲ್ ಮತ್ತು ಅಲ್ಲಿನ ಪೋರ್ಟ್ ನೋಡಬೇಕು. ಎಂಟೂ ತಂತಿಗಳಿರುವ, ಕಾರ್ಖಾನೆಯಲ್ಲೇ ತುದಿ ಕೂಡಿಸಿದ ಕ್ಯಾಟ್ 6 ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದನ್ನು ಬದಲಿಸಿ ನೋಡಿ. ಗೋಡೆಯೊಳಗೆ ಹೋಗಿರುವ ಕೇಬಲ್ಲಾದರೆ ಎಳೆದು ಕೀಳಲು ಹೋಗಬೇಡಿ, ಎರಡೂ ತುದಿಯ ಪ್ಲಗ್‌ಗಳನ್ನು ಹೊಸದಾಗಿ ಕ್ರಿಂಪ್ ಮಾಡಿಸಿ ಪರೀಕ್ಷಿಸಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗವಾಗಿ ಸಿಗುತ್ತದೆ, ಅದನ್ನು ಮಾತ್ರ ಹಾಕಿಸಿಕೊಳ್ಳಬೇಡಿ. ಮಲೆನಾಡಿನ ತೇವಕ್ಕೆ ಅದರ ತುದಿಗಳು ಬೇಗ ಕೆಡುತ್ತವೆ.

ಇಷ್ಟೆಲ್ಲ ಸರಿಯಿದ್ದೂ 94 ದಾಟದಿದ್ದರೆ ಕಂಪನಿಯವರು ನಿಮ್ಮ ಖಾತೆಗೆ 100ರ ಪ್ಲಾನನ್ನೇ ಹಚ್ಚಿರುವ ಸಾಧ್ಯತೆ ಇದೆ. ಆಗ ಊರಿನ ಕೇಬಲ್‌ನವರ ಜೊತೆ ವಾದ ಬೇಡ. ಕೇಬಲ್ ಮೂಲಕ, ಬೇರೆ ಎಲ್ಲ ಉಪಕರಣಗಳನ್ನು ಬೇರ್ಪಡಿಸಿ ಮಾಡಿದ ಪರೀಕ್ಷೆಯ ಚಿತ್ರಗಳನ್ನು, ದಿನಾಂಕ ಮತ್ತು ಸಮಯ ಕಾಣುವಂತೆ ಇಟ್ಟುಕೊಂಡು ಸೇವೆ ಕೊಡುವ ಕಂಪನಿಯ ದೂರು ಕೇಂದ್ರಕ್ಕೆ ದಾಖಲಿಸಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಲ್ಲಿ ಈ ಎರಡು ಹಂತಗಳಿವೆ. ವೈಫೈನಲ್ಲಿ ಮಾಡಿದ ಪರೀಕ್ಷೆಯನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎರಡು ಗೋಡೆ ದಾಟಿದ ಮೇಲೆ ವೈಫೈ ಏನು ತೋರಿಸುತ್ತದೆ ಎಂಬುದಕ್ಕೆ ಕಂಪನಿ ಹೊಣೆಯಲ್ಲ.

180 ಜಿಬಿಗೆ ಎಷ್ಟು ಹೊತ್ತು

ಒಂದು ಸಣ್ಣ ಲೆಕ್ಕ ನೆನಪಿನಲ್ಲಿಟ್ಟುಕೊಂಡರೆ ಯಾವ ಪರಿವರ್ತಕ ಆ್ಯಪ್ ಕೂಡ ಬೇಡ. ಸೆಕೆಂಡಿಗೆ 1 ಮೆಗಾಬಿಟ್ ವೇಗ ಒಂದು ಗಂಟೆ ನಡೆದರೆ 450 ಮೆಗಾಬೈಟ್. ಗಂಟೆಯ 3600 ಸೆಕೆಂಡನ್ನು ಎಂಟರಿಂದ ಭಾಗಿಸಿದ್ದು ಅದು. ಹಾಗಾಗಿ 94 ಮೆಗಾಬಿಟ್ ವೇಗದಲ್ಲಿ ಗಂಟೆಗೆ 42 ಗಿಗಾಬೈಟ್ ಹೋಗುತ್ತದೆ. ನಿಮ್ಮ ಸಂಪರ್ಕ ಸರಿಹೋಗಿ 190ರ ಹತ್ತಿರ ಬಂದರೆ ಗಂಟೆಗೆ 85.

ಇಲ್ಲಿ ನಿಮ್ಮ ಸ್ನೇಹಿತರ 1024ಕ್ಕೆ ಕೆಲಸ ಸಿಗುತ್ತದೆ. ವಿಂಡೋಸ್ 180 ಎಂದು ತೋರಿಸಿದ ಫೋಲ್ಡರ್ ತಂತಿಯ ಲೆಕ್ಕದಲ್ಲಿ 193 ಗಿಗಾಬೈಟ್. ಅದು 94ರಲ್ಲಿ ಹೋಗಲು ಸುಮಾರು 4 ಗಂಟೆ 35 ನಿಮಿಷ ಬೇಕು. 1024 ಮರೆತು 180ಕ್ಕೇ ಲೆಕ್ಕ ಹಾಕಿದ್ದರೆ 4 ಗಂಟೆ 15 ನಿಮಿಷ ಎಂದುಕೊಳ್ಳುತ್ತಿದ್ದಿರಿ. 190ರಲ್ಲಾದರೆ 2 ಗಂಟೆ 15 ನಿಮಿಷ.

ಆದರೆ ಇವೆಲ್ಲ ಅಪ್‌ಲೋಡ್ ವೇಗವೂ ಅಷ್ಟೇ ಇದ್ದರೆ ಎಂಬ ಲೆಕ್ಕ. ನೀವು ಕಳುಹಿಸುವವರು, ಪತ್ರದಲ್ಲಿ ಬರೆದಿರುವುದೆಲ್ಲ ಡೌನ್‌ಲೋಡಿನದು. ಸ್ಪೀಡ್ ಟೆಸ್ಟಿನಲ್ಲಿ ಅಪ್‌ಲೋಡ್ ಎಂಬ ಎರಡನೆಯ ಅಂಕಿಯನ್ನು ಇಂದೇ ನೋಡಿ. ಎರಡೂ ಸಮವಾಗಿರುವ ಪ್ಲಾನುಗಳು ಫೈಬರಿನಲ್ಲಿ ಸಾಕಷ್ಟಿವೆ, ಸಮವಲ್ಲದವೂ ಇವೆ. ಅಪ್‌ಲೋಡ್ 20 ಮಾತ್ರ ಇದ್ದರೆ ಒಂದು ಮದುವೆ ಕಳುಹಿಸಲು 21 ಗಂಟೆಗೂ ಹೆಚ್ಚು ಹೊತ್ತು ಬೇಕು, ನೀವು ಕೇಬಲ್ ಬದಲಿಸಿ ಬಂದ ಲಾಭವೆಲ್ಲ ಅಲ್ಲಿ ಕಾಣದೆ ಹೋಗುತ್ತದೆ. ಕ್ಲೌಡ್ ಸೇವೆಯ ಸರ್ವರ್ ಎಲ್ಲಿದೆ ಎಂಬುದೂ ಮುಖ್ಯ. ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರಿಗೆ ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಅಳೆಯುತ್ತದೆ. ದೂರದ ದೇಶದ ಸರ್ವರಿಗೆ ಒಂದೇ ಸಂಪರ್ಕದಲ್ಲಿ ಹೋಗುವ ಫೈಲು ಪ್ರತಿ ಕಂತಿಗೂ ‘ತಲುಪಿತು’ ಎಂಬ ಮರುತ್ತರಕ್ಕೆ ಕಾಯುತ್ತ ನಿಧಾನವಾಗಬಹುದು. ಬ್ರೌಸರಿನ ಬದಲು ಆ ಸೇವೆಯವರದೇ ತಂತ್ರಾಂಶ ಬಳಸಿದರೆ ಅದು ಹಲವು ತುಂಡುಗಳನ್ನು ಒಟ್ಟಿಗೆ ಕಳುಹಿಸುತ್ತದೆ, ನಡುವೆ ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಫೈಲುಗಳನ್ನು ಜಿಪ್ ಮಾಡಿ ಕಳುಹಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ವಿಡಿಯೊ ಆಗಲೇ ಕುಗ್ಗಿಸಿದ್ದೇ ಆಗಿರುತ್ತದೆ, ಮತ್ತೆ ಕುಗ್ಗುವುದಿಲ್ಲ.

ಮುಂದೇನು ಮಾಡಬಹುದು

300ರ ಪ್ಲಾನಿಗೆ ಈಗ ಹೋಗಬೇಡಿ. ಬಾಗಿಲು 100ರದ್ದೇ ಆಗಿರುವಾಗ 300 ಕೊಂಡರೂ 94ಕ್ಕೇ ನಿಲ್ಲುತ್ತದೆ, ತಿಂಗಳ ಬಿಲ್ಲು ಮಾತ್ರ ಏರುತ್ತದೆ. ದೋಷ ತೆಗೆದ ಮೇಲೂ ಸಾಲದೆನಿಸಿದರೆ ಆಗ ಯೋಚಿಸಿ, ಅದೂ ಅಪ್‌ಲೋಡ್ ಅಂಕಿಯನ್ನು ಬರಹದಲ್ಲಿ ಕೇಳಿಕೊಂಡು.

ಪ್ಲಾನಿನ ಬಳಕೆಯ ಮಿತಿಯನ್ನೂ ಓದಿಕೊಳ್ಳಿ. ಅನಿಯಮಿತ ಎಂದು ಮಾರುವ ಎಷ್ಟೋ ಪ್ಲಾನುಗಳಲ್ಲಿ ತಿಂಗಳಿಗೆ 3300 ಗಿಗಾಬೈಟ್ ಎಂಬ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ, ಬಹಳ ಕಡೆ ಅಪ್‌ಲೋಡೂ ಅದರಲ್ಲೇ ಸೇರುತ್ತದೆ. 200 ಮೆಗಾಬಿಟ್ ಪೂರ್ಣ ವೇಗದಲ್ಲಿ ಸಾಗಿದರೆ ಆ ಮಿತಿ 37 ಗಂಟೆಯೊಳಗೆ ಮುಗಿಯುತ್ತದೆ. ಮದುವೆಗಳ ಲೆಕ್ಕದಲ್ಲಿ ಅದು ಹದಿನೇಳು. ಲಗ್ನದ ತಿಂಗಳುಗಳಲ್ಲಿ ನಿಮ್ಮಂಥ ಸ್ಟುಡಿಯೊಗೆ ಅದು ತೀರಾ ದೂರದ ಅಂಕಿಯಲ್ಲ. ಮಿತಿ ಮುಗಿದ ಮೇಲೆ ವೇಗ 2 ಮೆಗಾಬಿಟ್‌ಗೆ ಇಳಿಯಿತೆಂದುಕೊಳ್ಳಿ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗ ಅದೇ. 2004ರ ನೀತಿಯಲ್ಲಿ ಅದು 256 ಕಿಲೊಬಿಟ್, ಅಂದರೆ ಸೆಕೆಂಡಿಗೆ 32 ಕಿಲೊಬೈಟ್ ಇತ್ತು. 2 ಮೆಗಾಬಿಟ್ ಎಂದರೆ ಕಾಲು ಮೆಗಾಬೈಟ್. ಆ ವೇಗದಲ್ಲಿ ಒಂದು ಮದುವೆ ಕಳುಹಿಸಲು ಒಂಬತ್ತು ದಿನ ಹಿಡಿಯುತ್ತದೆ.

ಬಸ್ಸಿನಲ್ಲಿ ಡಿಸ್ಕ್ ಕಳುಹಿಸುವುದನ್ನು ಹಳೆಯ ಕಾಲದ ದಾರಿ ಎಂದು ಬಿಡಬೇಡಿ. ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಎಡಿಟರ್ ಕೈ ಸೇರಲು ಒಂಬತ್ತು ಗಂಟೆ ಎಂದಿಟ್ಟುಕೊಳ್ಳಿ. ಒಂದು ಮದುವೆಯ 193 ಗಿಗಾಬೈಟ್ ಇರುವ ಡಿಸ್ಕ್ ಒಂಬತ್ತು ಗಂಟೆಯಲ್ಲಿ ತಲುಪಿದರೆ ಅದು ಸೆಕೆಂಡಿಗೆ 48 ಮೆಗಾಬಿಟ್‌ಗೆ ಸಮ. ಈಗಿನ ನಿಮ್ಮ ಸಂಪರ್ಕಕ್ಕಿಂತ ಕಡಿಮೆ. ಆದರೆ ಐದು ಮದುವೆ ತುಂಬಿದ 1 ಟಿಬಿ ಡಿಸ್ಕ್ ಹೋದರೆ ಅದೇ ಬಸ್ಸಿನ ವೇಗ 247 ಮೆಗಾಬಿಟ್. ನಿಮ್ಮ ಪ್ಲಾನನ್ನೂ ಮೀರಿಸಿತು! ಡಿಸ್ಕಿಗೆ ನಕಲು ಮಾಡುವ ಹೊತ್ತನ್ನು ಇದಕ್ಕೆ ಸೇರಿಸಬೇಕು, ಯುಎಸ್‌ಬಿ 3.0 ಕಿಂಡಿಗೆ ಹಾಕಿದ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಒಂದು ಮದುವೆಗೆ ಅರ್ಧ ಗಂಟೆ ಸಾಕು. ಅಪಾಯ ನಿಮಗೇ ಗೊತ್ತಿದೆ: ಡಿಸ್ಕ್ ಕಳೆಯಬಹುದು, ಬಿದ್ದು ಹಾಳಾಗಬಹುದು. ಮದುವೆಯನ್ನು ಮತ್ತೆ ಶೂಟ್ ಮಾಡಲಾಗದು. ಎರಡು ನಕಲು ನಿಮ್ಮಲ್ಲಿ ಉಳಿದಿರುವ ತನಕ ಮೂರನೆಯದನ್ನು ಮಾತ್ರ ಬಸ್ ಹತ್ತಿಸಿ, ಡಿಸ್ಕಿಗೆ ಪಾಸ್‌ವರ್ಡ್ ರಕ್ಷಣೆ ಹಾಕಿ. ಅದು ಬೇರೆಯವರ ಮನೆಯ ಸಮಾರಂಭ.

ನಾನಾಗಿದ್ದರೆ ಪ್ರಾಕ್ಸಿ ದಾರಿ ಹಿಡಿಯುತ್ತಿದ್ದೆ. ಮೂಲ ಫೈಲುಗಳಿಂದ ಕಡಿಮೆ ಬಿಟ್‌ರೇಟಿನ (ಸೆಕೆಂಡಿನ ವಿಡಿಯೊಗೆ ಕಡಿಮೆ ಬಿಟ್ ಬಳಸುವ) ಹಗುರ ಪ್ರತಿಗಳನ್ನು ಮಾಡಿ ಎಡಿಟರಿಗೆ ಕಳುಹಿಸುವುದು. ಐದು ಗಂಟೆಯ ವಿಡಿಯೊವನ್ನು 10 ಮೆಗಾಬಿಟ್‌ನಲ್ಲಿ ಮಾಡಿದರೆ 22.5 ಗಿಗಾಬೈಟ್, ಈಗಿನ 94ರಲ್ಲೇ ಸುಮಾರು ಅರ್ಧ ಗಂಟೆಯಲ್ಲಿ ತಲುಪುತ್ತದೆ. ಅವರು ಕತ್ತರಿಸಿ ಜೋಡಿಸಿದ ಪ್ರಾಜೆಕ್ಟ್ ಫೈಲನ್ನಷ್ಟೇ ಹಿಂದಕ್ಕೆ ಕಳುಹಿಸುತ್ತಾರೆ, ಅಂತಿಮ ಪ್ರತಿಯನ್ನು ನಿಮ್ಮಲ್ಲಿರುವ ಮೂಲ ಫೈಲುಗಳಿಂದ ನೀವು ತೆಗೆಯುತ್ತೀರಿ. ಇದರ ತೊಂದರೆ ಎಂದರೆ ಎರಡೂ ಕಡೆ ಒಂದೇ ಎಡಿಟಿಂಗ್ ತಂತ್ರಾಂಶ ಬೇಕು, ಫೈಲ್ ಹೆಸರನ್ನು ನಡುವೆ ಯಾರೂ ಬದಲಿಸಬಾರದು, ಬಣ್ಣದ ಸೂಕ್ಷ್ಮ ಕೆಲಸ ಪ್ರಾಕ್ಸಿಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಎಡಿಟರ್ ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ. ಹೊಸ ಕ್ಯಾಮೆರಾ ಬಂದ ಮೇಲೆ ಇದು ಇನ್ನೂ ಅಗತ್ಯವಾಗಬಹುದು. 200 ಮೆಗಾಬಿಟ್‌ನಲ್ಲಿ ಒಂದು ಗಂಟೆ ಶೂಟ್ ಮಾಡಿದರೆ 90 ಗಿಗಾಬೈಟ್ ಆಗುತ್ತದೆ, ನಿಮ್ಮ ಇಂದಿನ ಒಂದು ಮದುವೆ ಆಗ ಒಂದು ಕ್ಯಾಮೆರಾದ ಎರಡು ಗಂಟೆ.

ಕಾರ್ಡುಗಳ ಪ್ರಶ್ನೆ

ಇದರಲ್ಲಿ ಅದೇ ಎಂಟು ತಲೆಕೆಳಗಾಗಿ ನಿಂತಿದೆ. ಕ್ಯಾಮೆರಾದ 200 ಮೆಗಾಬಿಟ್ ಎಂದರೆ ಸೆಕೆಂಡಿಗೆ 25 ಮೆಗಾಬೈಟ್ ಮಾತ್ರ. ಕಾರ್ಡಿನ 170 ಮೆಗಾಬೈಟ್‌ಗಳ ಲೆಕ್ಕ. ಹಾಗಾದರೆ ಧಾರಾಳವಾಯಿತು ಎನ್ನುವ ಮುನ್ನ ಒಂದು ಎಚ್ಚರಿಕೆ. ಆ 170 ಸಾಮಾನ್ಯವಾಗಿ ಕಾರ್ಡಿನಿಂದ ಓದುವ ಗರಿಷ್ಠ ವೇಗ, ರೆಕಾರ್ಡಿಂಗಿಗೆ ಬೇಕಾದದ್ದು ಬರೆಯುವ ಕನಿಷ್ಠ ವೇಗ. ಅದನ್ನು ಹೇಳುವುದು ಕಾರ್ಡಿನ ಮೇಲಿರುವ ಚಿಕ್ಕ ಗುರುತುಗಳು. ವಿ30 ಎಂದಿದ್ದರೆ ಅಥವಾ ಇಂಗ್ಲಿಷ್‌ನ ಯು ಅಕ್ಷರದೊಳಗೆ 3 ಎಂದಿದ್ದರೆ ಸೆಕೆಂಡಿಗೆ 30 ಮೆಗಾಬೈಟ್‌ಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ. ನಿಮ್ಮ 25ಕ್ಕೆ ಅದು ಸಾಕು, ಹೊಸದು ಬೇಡ. ಬರೀ 10 ಎಂಬ ವೃತ್ತವೋ ಯು ಒಳಗೆ 1 ಎಂಬ ಗುರುತೋ ಇದ್ದರೆ ಭರವಸೆ 10 ಮೆಗಾಬೈಟ್‌ನದು ಮಾತ್ರ, ಅಂಥ ಕಾರ್ಡಿನಲ್ಲಿ ರೆಕಾರ್ಡಿಂಗ್ ನಡುವೆ ನಿಂತುಹೋಗುವ ಅಪಾಯವಿದೆ. ಕ್ಯಾಮೆರಾದಲ್ಲಿ 400 ಮೆಗಾಬಿಟ್‌ನ ಆಯ್ಕೆಯೂ ಇದ್ದು ಅದನ್ನು ಬಳಸುವ ಆಸೆ ಇದ್ದರೆ 50 ಮೆಗಾಬೈಟ್ ಬೇಕಾಗುವುದರಿಂದ ವಿ60 ಕೊಳ್ಳಿ.

ವೇಗಕ್ಕಿಂತ ಗಾತ್ರದ ಕಡೆ ಹೆಚ್ಚು ಗಮನ ಕೊಡಿ. 128 ಜಿಬಿಯ ಕಾರ್ಡು 200 ಮೆಗಾಬಿಟ್‌ನಲ್ಲಿ 85 ನಿಮಿಷಕ್ಕೆ ತುಂಬುತ್ತದೆ. ಅದು ಧಾರೆಯ ಹೊತ್ತಿಗೆ ಸರಿಯಾಗಿ ತುಂಬದಂತೆ, ಕಾಶಿಯಾತ್ರೆ ಮುಗಿದ ಕೂಡಲೇ ಕಾರ್ಡು ಬದಲಿಸಿಕೊಳ್ಳಿ.